4294967295 ಯಾವ ಯಾವ ವರ್ಗಕ್ಕೆ ಸೇರುತ್ತದೆ? ಭಾಜಕಗಳ ಮೊತ್ತ ಸಂಖ್ಯೆಗಿಂತ ಚಿಕ್ಕದಾಗಿ ಬರುತ್ತಿದೆ

ಶೇಷಸೊನ್ನೆ (ಪ್ರಶ್ನೆ)

4294967295, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 295. ಈ ಸಂಖ್ಯೆಯ ಗುಣಗಳನ್ನೆಲ್ಲ ಒಂದು ಕಡೆ ಬರೆದಿಡಬೇಕು: ಅವಿಭಾಜ್ಯ ಅಪವರ್ತನಗಳು, ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು, ಆಯ್ಲರ್ ಫೈ ಬೆಲೆ (1ರಿಂದ ಆ ಸಂಖ್ಯೆಯ ತನಕ ಅದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು ಎಷ್ಟು), ಸಂಖ್ಯೆ ಸಮೃದ್ಧವೋ ನ್ಯೂನವೋ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚೋ ಕಡಿಮೆಯೋ), ಹರ್ಷದ (ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆ) ಹೌದೋ ಅಲ್ಲವೋ, ಹೀಗೆ.

ಸಿ ಭಾಷೆಯಲ್ಲಿ 32 ಬಿಟ್ ಅನ್‌ಸೈನ್ಡ್ ಇಂಟಿಜರ್ ಬಳಸಿ ಬರೆದ ಪ್ರೋಗ್ರಾಂನಲ್ಲಿ ಮೂರು ಕಡೆ ತೊಡಕಿದೆ. ಸಂಖ್ಯೆಗೆ ಎನ್, ಭಾಗಿಸಿ ನೋಡುವ ಸಂಖ್ಯೆಗೆ ಡಿ ಅಂತ ಹೆಸರಿಟ್ಟಿದ್ದೇನೆ.

ಒಂದು, ಡಿ 1ರಿಂದ ಶುರುವಾಗಿ "ಡಿ × ಡಿ <= ಎನ್" ಇರುವ ತನಕ ಓಡುವ ಲೂಪ್ ನಿಲ್ಲುವುದೇ ಇಲ್ಲ. ಕೊನೆಗೆ "ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಷನ್" ಅಂತ ಬಂದು ಬೀಳುತ್ತದೆ. ಲೂಪ್‌ನಲ್ಲಿ ದಶಮಾಂಶ ಎಲ್ಲೂ ಇಲ್ಲ. 400 ಕೋಟಿಯ ತನಕದ ಸಂಖ್ಯೆಗಳಿಗೆ ಇದೇ ಲೂಪ್ ಸರಿಯಾಗಿ ನಡೆಯುತ್ತದೆ.

ಎರಡು, ವರ್ಗಮೂಲವನ್ನು ಫ್ಲೋಟ್‌ನಲ್ಲಿ ತೆಗೆದು ಮತ್ತೆ ವರ್ಗ ಮಾಡಿ ಹೋಲಿಸಿದರೆ, ಇದು ಪೂರ್ಣ ವರ್ಗ ಅನ್ನುತ್ತದೆ.

ಮೂರು, ಅಪವರ್ತನಗಳಿಂದ ಸೂತ್ರ ಹಾಕಿ ಭಾಜಕಗಳ ಮೊತ್ತ ತೆಗೆದರೆ 3009636032 ಬರುತ್ತದೆ. ಎನ್ ತಾನೇ ತನ್ನ ಭಾಜಕ, ಹಾಗಿರುವಾಗ ಮೊತ್ತ ಎನ್‌ಗಿಂತ ಕಡಿಮೆ ಆಗುವುದು ಹೇಗೆ? ಇದರಿಂದ ಎನ್ ಕಳೆದರೆ 3009636033 ಸಿಗುತ್ತದೆ. ಎನ್ ಬಿಟ್ಟು ಉಳಿದ ಭಾಜಕಗಳನ್ನು ಒಂದೊಂದಾಗಿ ಕೂಡಿಸಿದರೂ ಇದೇ 3009636033. ತಪ್ಪು ಮೊತ್ತದಿಂದ ಸರಿ ಉತ್ತರ ಹೇಗೆ ಬಂತು?

ಮಗ್ಗಿಪುಸ್ತಕ

ಪ್ರೋಗ್ರಾಂ ವಿಷಯ ಬೇರೆಯವರು ಹೇಳಲಿ, ನಾನು ಸಂಖ್ಯೆಯನ್ನು ನೋಡುತ್ತೇನೆ. ಇದಕ್ಕೆ ಒಂದು ಕೂಡಿಸಿದರೆ 4294967296, ಅದು 2³². ಅಂದರೆ ನಿಮ್ಮದು 2³² − 1. ಹೈಸ್ಕೂಲಿನ ಅ² − ಬ² = (ಅ + ಬ)(ಅ − ಬ) ಸೂತ್ರವನ್ನು ನಾಲ್ಕು ಸಲ ಹಾಕಿದರೆ ಪೂರ್ತಿ ಒಡೆಯುತ್ತದೆ:

4294967295 = 65537 × 65535
65535 = 257 × 255
255 = 17 × 15
15 = 5 × 3

ಹಾಗಾಗಿ 4294967295 = 3 × 5 × 17 × 257 × 65537. ಈ ಐದೂ ಫರ್ಮಾ ಸಂಖ್ಯೆಗಳು. 2ರ ಘಾತವಾಗಿ 1, 2, 4, 8, 16 ಇಟ್ಟು ಒಂದು ಕೂಡಿಸಿದರೆ ಸಿಗುವಂಥವು.

65537 ಅವಿಭಾಜ್ಯವೇ ಅನ್ನುವುದನ್ನು ಸುಮ್ಮನೆ ನಂಬಬೇಕಿಲ್ಲ. ಅದರ ವರ್ಗಮೂಲ 256ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಸಾಮಾನ್ಯ ದಾರಿಯಲ್ಲಿ ಹೋದರೆ 256ರ ಒಳಗಿನ 54 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಆದರೆ 2¹⁶ + 1ರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. 32ರ ಮಟ್ಟಿಗೆ ಇದನ್ನು ತೋರಿಸಿದವನು ಆಯ್ಲರ್, 64ಕ್ಕೆ ಏರಿಸಿದವನು ಲ್ಯೂಕಾ. 256ರ ಒಳಗೆ ಅಂಥವು 65, 129, 193 ಮಾತ್ರ. 65 = 5 × 13, 129 = 3 × 43, ಎರಡೂ ಅವಿಭಾಜ್ಯವಲ್ಲ. ಉಳಿದದ್ದು 193. 193 × 339 = 65427, ಶೇಷ 110. ಒಂದೇ ಭಾಗಾಕಾರದಲ್ಲಿ ಕೆಲಸ ಮುಗಿಯಿತು.

ಇನ್ನು ನೀವು ಕೇಳಿದ ಬೆಲೆಗಳು.

ಯಾವ ಅವಿಭಾಜ್ಯವೂ ಎರಡು ಸಲ ಬಂದಿಲ್ಲ, ಆದ್ದರಿಂದ ಭಾಜಕಗಳು 2⁵ = 32. ಐದು ಅಂದರೆ ಬೆಸ, ಹಾಗಾಗಿ ಮೋಬಿಯಸ್ ಬೆಲೆ (ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ, ಅವುಗಳ ಎಣಿಕೆ ಸಮ ಇದ್ದರೆ 1, ಬೆಸ ಇದ್ದರೆ −1) −1.

ಭಾಜಕಗಳ ಮೊತ್ತ: 4 × 6 × 18 × 258 × 65538. ಹಂತ ಹಂತವಾಗಿ 24, 432, 111456, ಕೊನೆಗೆ 7304603328. ಎನ್ ಕಳೆದರೆ 3009636033. ಅದು ಎನ್‌ಗಿಂತ ಕಡಿಮೆ, ಆದ್ದರಿಂದ ನ್ಯೂನ ಸಂಖ್ಯೆ.

ಫೈ: 2 × 4 × 16 × 256 × 65536 = 2³¹ = 2147483648. ಈ ಸಂಖ್ಯೆಯ ಜೀವಾಳ ಇಲ್ಲಿದೆ. ಫೈ ಬೆಲೆ 2ರ ಶುದ್ಧ ಘಾತವಾದ್ದರಿಂದ ಏನೇನಾಗುತ್ತದೆ ನೋಡಿ.

2³²ರ ಫೈ ಬೆಲೆಯೂ 2³¹. ಹಾಗಾಗಿ 4294967295, 4294967296 ಎರಡಕ್ಕೂ ಫೈ ಒಂದೇ. ಅಕ್ಕಪಕ್ಕದ ಸಂಖ್ಯೆಗಳಿಗೆ ಹೀಗಾಗುವುದು ಅಪರೂಪ. 3, 15, 255, 65535 ಇವೂ ಇದೇ ಸಾಲಿನವು.

ಫೈಯನ್ನು ಇಮ್ಮಡಿ ಮಾಡಿದರೆ ಸರಿಯಾಗಿ ಎನ್ + 1. ಆದರೆ ಈ ಗುಣವೊಂದನ್ನೇ ನೋಡಿ "ಫರ್ಮಾ ಅವಿಭಾಜ್ಯಗಳ ಗುಣಲಬ್ಧ" ಅಂತ ತೀರ್ಮಾನಿಸಬೇಡಿ. 83623935 = 3 × 5 × 17 × 353 × 929 ಕೂಡ ಇದೇ ಸಮೀಕರಣಕ್ಕೆ ಹೊಂದುತ್ತದೆ. ಅದರ ಫೈ 41811968, ಇಮ್ಮಡಿ 83623936. ಆದರೆ 353, 929 ಫರ್ಮಾ ಸಂಖ್ಯೆಗಳಲ್ಲ.

ನ್ಯೂನ ಅನ್ನುವುದನ್ನು ಮೊತ್ತ ತೆಗೆಯದೆಯೂ ಸಾಧಿಸಬಹುದು. 1ಕ್ಕಿಂತ ದೊಡ್ಡ ಯಾವ ಸಂಖ್ಯೆಗಾದರೂ (ಭಾಜಕಗಳ ಮೊತ್ತ × ಫೈ) ಆ ಸಂಖ್ಯೆಯ ವರ್ಗಕ್ಕಿಂತ ಕಡಿಮೆ. ಆದ್ದರಿಂದ ಮೊತ್ತ ÷ ಎನ್ ಅನ್ನುವುದು ಎನ್ ÷ ಫೈಗಿಂತ ಕಡಿಮೆ. ಇಲ್ಲಿ ಎನ್ ÷ ಫೈ 2ರ ಒಳಗೇ ಇದೆ, ಅಲ್ಲಿಗೆ ಮುಗಿಯಿತು. ನಿಜವಾದ ಅನುಪಾತ ಸುಮಾರು 1.7007.

ಎಂಎಸ್ಸಿ ಮಾಡುತ್ತಿರುವವರಿಗೆ ಒಂದು ಮಾತು: ಎನ್ ಬೆಸ, ಫೈ 2ರ ಘಾತ, ಇವೆರಡರ ಮಸಾಅ 1. ಆದ್ದರಿಂದ 4294967295 ಅಂಶಗಳಿರುವ ಗುಂಪು ಒಂದೇ ಒಂದು, ಅದು ಚಕ್ರೀಯ ಗುಂಪು. 15ಕ್ಕೆ ಸೈಲೋ ಪ್ರಮೇಯದಿಂದ ಸಾಧಿಸುವ ಮಾತಿನ ಹಿಗ್ಗಿದ ರೂಪವೇ ಇದು. 2ರ ಘಾತಗಳಲ್ಲಿ ಕಥೆಯೇ ಬೇರೆ. 1024ಕ್ಕೇ 4900 ಕೋಟಿಗೂ ಹೆಚ್ಚು ಗುಂಪುಗಳಿವೆ, 2³²ರ ಲೆಕ್ಕ ಊಹಿಸಿಕೊಳ್ಳಿ.

ಹರ್ಷದ ಅಲ್ಲ. ಅಂಕಿಗಳ ಮೊತ್ತ 57 = 3 × 19, ಎನ್‌ಗೆ 19ರ ಅಪವರ್ತನ ಇಲ್ಲ. (ಹರ್ಷದ ಅನ್ನುವ ಹೆಸರು ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಅವರು ಕೊಟ್ಟದ್ದು.) 57ಕ್ಕೆ 3 ಹೋಗುತ್ತದೆ, 9 ಹೋಗುವುದಿಲ್ಲ. ಎನ್‌ನಲ್ಲಿ 3 ಒಂದೇ ಸಲ ಬಂದದ್ದಕ್ಕೆ ಇದು ತಾಳೆ ಆಗುತ್ತದೆ.

ಇನ್ನೊಂದು ವರ್ಗೀಕರಣ: ದೊಡ್ಡ ಅವಿಭಾಜ್ಯ ಅಪವರ್ತನ ಸಂಖ್ಯೆಯ ವರ್ಗಮೂಲಕ್ಕಿಂತ ಹೆಚ್ಚಿದೆಯೇ? ಇಲ್ಲಿ 65537, ವರ್ಗಮೂಲ 65535.99999. ದಾಟಿದೆ, ಆದರೆ ಅಂತರ ಒಂದು ಚಿಲ್ಲರೆ ಅಷ್ಟೇ.

ಬಿಟ್‌ಬುತ್ತಿ

ಈಗ ಪ್ರೋಗ್ರಾಂ. ಮೂರೂ ತೊಡಕಿಗೆ ಬೇರು ಒಂದೇ. 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ 4294967295, ಬೈನರಿಯಲ್ಲಿ 32 ಒಂದುಗಳು. ಅದರ ಮುಂದಿನದು ಸೊನ್ನೆ.

ಲೂಪ್: 32 ಬಿಟ್‌ನಲ್ಲಿ ಏನೇ ಇಟ್ಟರೂ ಅದು ಎನ್‌ಗೆ ಸಮ ಅಥವಾ ಕಡಿಮೆ ಇದ್ದೇ ಇರುತ್ತದೆ. ನಿಮ್ಮ ಷರತ್ತು ಸುಳ್ಳಾಗುವ ಸಂದರ್ಭವೇ ಇಲ್ಲ. 65535ರ ವರ್ಗ 4294836225, ಅದು ಹಿಡಿಸುತ್ತದೆ. 65536ರ ವರ್ಗ 2³², ಅದು ಮಡಚಿಕೊಂಡು 0 ಆಗುತ್ತದೆ, 0 <= ಎನ್ ನಿಜ, ಲೂಪ್ ಮುಂದೆ ಹೋಗುತ್ತದೆ. ಡಿ ಹೀಗೇ ಏರಿ 4294967295 ತಲುಪಿ ಮತ್ತೊಂದು ಕೂಡಿದಾಗ ತಾನೇ 0 ಆಗುತ್ತದೆ. ಆಮೇಲೆ ಎನ್‌ ಅನ್ನು 0ಯಿಂದ ಭಾಗಿಸಲು ಹೋಗಿ ಬೀಳುತ್ತದೆ. ಲಿನಕ್ಸ್‌ನಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೂ "ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಷನ್" ಅಂತಲೇ ಬರುತ್ತದೆ, ಹೆಸರು ನೋಡಿ ದಾರಿ ತಪ್ಪಬೇಡಿ.

ಗುಣಾಕಾರ ಬಿಟ್ಟು ಭಾಗಾಕಾರಕ್ಕೆ ಬದಲಿಸಿ: "ಡಿ <= ಎನ್ / ಡಿ". ಡಿ 65535 ಇದ್ದಾಗ ಬಲಗಡೆ 65537, ಒಳಗೆ ಬರುತ್ತದೆ. 65536 ಇದ್ದಾಗ ಬಲಗಡೆ 65535, ನಿಲ್ಲುತ್ತದೆ. ಅಪವರ್ತನ ಸಿಕ್ಕ ಕೂಡಲೇ ಎನ್ ಅನ್ನು ಭಾಗಿಸಿ ಚಿಕ್ಕದು ಮಾಡುತ್ತಾ ಹೋಗುವ ಲೂಪ್‌ಗೆ ಈ ಕಾಟ ಇಲ್ಲ, ಏಕೆಂದರೆ 3 ಹೋದ ಕೂಡಲೇ ಎನ್ 1431655765ಕ್ಕೆ ಇಳಿಯುತ್ತದೆ. ನಿಮಗೆ ಐದು ಅಪವರ್ತನಗಳು ಸರಿಯಾಗಿ ಸಿಕ್ಕಿದ್ದು ಆ ಕಾರಣಕ್ಕೇ.

ಪೂರ್ಣ ವರ್ಗ: ಫ್ಲೋಟ್‌ನ ನಿಖರತೆ 24 ಬಿಟ್. 2³¹ರಿಂದ 2³²ರ ನಡುವೆ ಅದು 256ರ ಹೆಜ್ಜೆಯಲ್ಲಿ ಮಾತ್ರ ನಡೆಯಬಲ್ಲದು. ನಿಮ್ಮ ಎನ್ ಫ್ಲೋಟ್‌ಗೆ ಹೋದ ಕ್ಷಣವೇ 4294967296 ಆಗಿಬಿಟ್ಟಿರುತ್ತದೆ. ಅದು ನಿಜಕ್ಕೂ 65536ರ ವರ್ಗ. ಡಬಲ್‌ನಲ್ಲಿ 53 ಬಿಟ್ ಇರುವುದರಿಂದ 65535.99999237 ಅಂತ ಸರಿಯಾಗಿ ಬರುತ್ತದೆ. ಅದೂ ಬೇಡ ಅಂದರೆ 4ರಿಂದ ಭಾಗಿಸಿ ಶೇಷ ನೋಡಿ: ಇಲ್ಲಿ ಶೇಷ 3. ಯಾವ ಪೂರ್ಣ ವರ್ಗಕ್ಕೂ 4ರ ಶೇಷ 0 ಅಥವಾ 1 ಬಿಟ್ಟು ಬೇರೆ ಬರುವುದಿಲ್ಲ.

ಭಾಜಕಗಳ ಮೊತ್ತ: ನಿಜವಾದದ್ದು 7304603328. 32 ಬಿಟ್‌ನಲ್ಲಿ ಹಿಡಿಸದೆ 4294967296 ಕಳೆದುಹೋಗಿ 3009636032 ಉಳಿದಿದೆ. ಆಮೇಲೆ ನೀವು ಎನ್ ಕಳೆದಿರಿ. 32 ಬಿಟ್‌ನ ಲೋಕದಲ್ಲಿ ಎನ್ ಅಂದರೆ −1, ಅದನ್ನು ಕಳೆದರೆ 1 ಕೂಡಿಸಿದ ಹಾಗೆ. ಆದ್ದರಿಂದ 3009636033. ಸರಿ ಉತ್ತರ 2³²ಕ್ಕಿಂತ ಕಡಿಮೆ ಇದ್ದದ್ದರಿಂದ, ನಡುವೆ ಮಡಚಿದರೂ ಕೊನೆಗೆ ಸರಿಯಾದ ಜಾಗಕ್ಕೇ ಬಂದು ಕೂತಿತು.

"ಮೊತ್ತ ಎನ್‌ಗಿಂತ ಚಿಕ್ಕದಾದರೆ ತಪ್ಪು" ಅಂತ ಒಂದು ತಪಾಸಣೆ ಹಾಕಿ ಸುಮ್ಮನಾಗಬೇಡಿ, ಅದು ಎಲ್ಲ ಕಡೆ ಹಿಡಿಯುವುದಿಲ್ಲ. 240 ಕೋಟಿ ತೆಗೆದುಕೊಳ್ಳಿ. 2400000000 = 2¹¹ × 3 × 5⁸. ಭಾಜಕಗಳ ಮೊತ್ತ 4095 × 4 × 488281 = 7998042780. 32 ಬಿಟ್‌ನಲ್ಲಿ ಉಳಿಯುವುದು 3703075484. ಅದು 240 ಕೋಟಿಗಿಂತ ಹೆಚ್ಚೇ ಇದೆ, ನಿಮ್ಮ ತಪಾಸಣೆ ಬಿಟ್ಟುಬಿಡುತ್ತದೆ. ಎನ್ ಕಳೆದರೆ 1303075484, ಪ್ರೋಗ್ರಾಂ "ನ್ಯೂನ" ಅನ್ನುತ್ತದೆ. ಸರಿಯಾದದ್ದು 5598042780, ಅಂದರೆ ಪಕ್ಕಾ ಸಮೃದ್ಧ. ತಪ್ಪು ಬಂದದ್ದೇ ಗೊತ್ತಾಗುವುದಿಲ್ಲ.

ಮೊತ್ತಕ್ಕೆ 64 ಬಿಟ್ ಇಡಿ. ಗುಣಿಸುವ *ಮೊದಲೇ* ಒಂದು ಪದವನ್ನು 64 ಬಿಟ್‌ಗೆ ಏರಿಸಬೇಕು. ಎರಡು 32 ಬಿಟ್ ಸಂಖ್ಯೆಗಳನ್ನು ಗುಣಿಸಿ ಬಂದದ್ದನ್ನು 64 ಬಿಟ್ ವೇರಿಯಬಲ್‌ಗೆ ಹಾಕಿದರೆ ಅಷ್ಟರಲ್ಲಿ ಮೇಲಿನ ಬಿಟ್‌ಗಳು ಹೋಗಿರುತ್ತವೆ. ಅಚ್ಚು ಹಾಕುವಾಗ ಶೇಕಡಾ ಚಿಹ್ನೆಯ ಜೊತೆ ಡಿ ಅಕ್ಷರ (%d) ಬರೆದರೆ ಎನ್ ಜಾಗದಲ್ಲಿ −1 ಕಾಣುತ್ತದೆ, ಯು (%u) ಬರೆಯಿರಿ.

ಈ ಸಂಖ್ಯೆಯನ್ನು ಎಲ್ಲೆಲ್ಲಿ ನೋಡಿರುತ್ತೀರಿ ಅಂದರೆ: 255.255.255.255 ಅನ್ನುವ ಐಪಿ ವಿಳಾಸ ಇದೇ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ ಇಷ್ಟೇ ಬೈಟ್ ಇರಬಹುದು, ಒಂದು ಬೈಟ್ ಹೆಚ್ಚಾದರೂ ಕಾಪಿ ಆಗುವುದಿಲ್ಲ. ಲಿನಕ್ಸ್ ಆಡಿಟ್ ಲಾಗ್‌ನಲ್ಲಿ ಲಾಗಿನ್ ಬಳಕೆದಾರ ಗೊತ್ತುಪಡಿಸಿಲ್ಲ ಅನ್ನಲು ಇದೇ ಅಂಕಿ ಇರುತ್ತದೆ. ಅಲ್ಲಿ ಅದು −1ರ ವೇಷ.

ಇನ್ನು ಎನ್‌ನ ಭಾಜಕಗಳನ್ನು ಹೆಕ್ಸ್‌ನಲ್ಲಿ (16ರ ಆಧಾರದಲ್ಲಿ) ಬರೆದು ನೋಡಿ. ಎನ್ ÷ 3 = 1431655765, ಹೆಕ್ಸ್‌ನಲ್ಲಿ 55555555. ಎನ್ ÷ 5 = 858993459, ಹೆಕ್ಸ್‌ನಲ್ಲಿ 33333333. ಎನ್ ÷ 17 = 252645135, ಬೈನರಿಯಲ್ಲಿ ಅದಕ್ಕೆ ನಾಲ್ಕು ಸೊನ್ನೆ ನಾಲ್ಕು ಒಂದು, ಹೀಗೆ ಸರದಿ. ಎನ್ ÷ 257 = 16711935ರಲ್ಲಿ ಎಂಟೆಂಟರ ಸರದಿ. ಒಂದು ಪದದಲ್ಲಿ ಎಷ್ಟು ಬಿಟ್ 1 ಇವೆ ಅಂತ ಎಣಿಸುವ ಕೋಡ್‌ನಲ್ಲಿ ಈ ಮಾಸ್ಕ್‌ಗಳನ್ನು ಕಂಠಪಾಠ ಮಾಡಿ ಬರೆಯುತ್ತಾರೆ. ಅವು ಎನ್ ಅನ್ನು ಫರ್ಮಾ ಅವಿಭಾಜ್ಯಗಳಿಂದ ಭಾಗಿಸಿದ ಭಾಗಲಬ್ಧಗಳು ಅಂತ ಗೊತ್ತಿದ್ದರೆ ಕಂಠಪಾಠ ಬೇಕಿಲ್ಲ.

ಮಗ್ಗಿಪುಸ್ತಕ

ಮಾಸ್ಕ್‌ಗಳ ಮಾತು ಬಂದದ್ದಕ್ಕೆ ಇದನ್ನೂ ಸೇರಿಸುತ್ತೇನೆ. 32 ಭಾಜಕಗಳನ್ನೂ ಏರಿಕೆ ಕ್ರಮದಲ್ಲಿ ಪಡೆಯಲು ಮೇರು ಪ್ರಸ್ತಾರ ಸಾಕು (ಹತ್ತನೇ ಶತಮಾನದ ಹಲಾಯುಧ ವಿವರಿಸಿದ್ದು, ಪಠ್ಯದಲ್ಲಿ ಪಾಸ್ಕಲ್ ತ್ರಿಕೋನ). ಬೆಸ ಇರುವ ಕಡೆ 1, ಸಮ ಇರುವ ಕಡೆ 0 ಬರೆದು ಸಾಲನ್ನು ಬೈನರಿಯಾಗಿ ಓದಿ:

1 → 1
11 → 3
101 → 5
1111 → 15
10001 → 17
110011 → 51
1010101 → 85
11111111 → 255

ಹೀಗೆ 32 ಸಾಲು ಬರೆದರೆ 32 ಭಾಜಕಗಳು, ಕೊನೆಯ ಸಾಲು 4294967295. ಒಂದೂ ತಪ್ಪುವುದಿಲ್ಲ, ಹೊರಗಿನದು ಒಂದೂ ಸೇರುವುದಿಲ್ಲ.

ಕೈವಾರ

ಮುಖ್ಯವಾದ ಒಂದು ವರ್ಗ ಇನ್ನೂ ಬಂದಿಲ್ಲ. ಸ್ಕೇಲು ಕೈವಾರ ಎರಡರಿಂದಲೇ ರಚಿಸಬಹುದಾದ ನಿಯತ ಬಹುಭುಜಗಳಲ್ಲಿ, ಬಾಹುಗಳ ಸಂಖ್ಯೆ ಬೆಸ ಇರುವವುಗಳ ಪೈಕಿ ಈವರೆಗೆ ಗೊತ್ತಿರುವ ಅತಿ ದೊಡ್ಡದು 4294967295 ಬಾಹುಗಳದ್ದು.

17 ಬಾಹುಗಳದ್ದನ್ನು ರಚಿಸಬಹುದು ಅಂತ ಗೌಸ್ 1796ರಲ್ಲಿ ಕಂಡುಕೊಂಡ. ಬೆಸ ಬಾಹುಗಳ ಬಹುಭುಜಕ್ಕೆ ಷರತ್ತು ಇಷ್ಟು: ಆ ಸಂಖ್ಯೆ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಬೇರೆ ಯಾವುದೂ ಸಾಧ್ಯವಿಲ್ಲ ಅನ್ನುವ ಭಾಗವನ್ನು ಸಾಧಿಸಿದವನು ವಾಂಟ್ಜೆಲ್, 1837ರಲ್ಲಿ. "ಬೇರೆ ಬೇರೆ" ಅನ್ನುವುದನ್ನು ಮರೆಯಬಾರದು. 9 = 3 × 3, ಒಂದೇ ಅವಿಭಾಜ್ಯ ಎರಡು ಸಲ ಬಂದಿದೆ, ಆದ್ದರಿಂದ ನವಭುಜ ಆಗುವುದಿಲ್ಲ. ಐದು ಫರ್ಮಾ ಅವಿಭಾಜ್ಯಗಳಿಂದ 2⁵ − 1 = 31 ಬೆಸ ಬಹುಭುಜಗಳು ಸಿಗುತ್ತವೆ. ಮೇಲಿನ 32 ಭಾಜಕಗಳಲ್ಲಿ 1 ಬಿಟ್ಟರೆ ಉಳಿದವೇ ಅವು.

ಬಿಡಿ ಬಹುಭುಜಗಳು ಕೈಯಲ್ಲಿದ್ದರೆ ಕೂಡಿಸುವುದು ಸುಲಭ. ಪೂರ್ತಿ ಸುತ್ತನ್ನು 1 ಅಂತ ಇಟ್ಟುಕೊಳ್ಳಿ:

1/15 = 2/3 − 3/5
1/255 = 8/15 − 9/17
1/65535 = 128/255 − 129/257
1/4294967295 = 32768/65535 − 32769/65537

ಮೊದಲ ಸಾಲು ಹೀಗೆ ಬಳಸಿ: ಒಂದೇ ವೃತ್ತದಲ್ಲಿ, ಒಂದೇ ಬಿಂದುವಿನಿಂದ ಶುರುಮಾಡಿ ಸಮಬಾಹು ತ್ರಿಭುಜ, ಪಂಚಭುಜ ಎರಡನ್ನೂ ಬರೆಯಿರಿ. ತ್ರಿಭುಜದಲ್ಲಿ ಎರಡು ಹೆಜ್ಜೆ ಹೋದ ಶೃಂಗ, ಪಂಚಭುಜದಲ್ಲಿ ಮೂರು ಹೆಜ್ಜೆ ಹೋದ ಶೃಂಗ, ಇವೆರಡರ ನಡುವಿನ ಕಂಸ ಸುತ್ತಿನ 1/15. ಆ ಅಳತೆಗೆ ಕೈವಾರ ತೆರೆದು ಸುತ್ತ ಗುರುತು ಹಾಕಿ. ಪೆನ್ಸಿಲ್ ಮೊಂಡಾಗಿದ್ದರೆ ಹದಿನೈದನೇ ಗುರುತು ಶುರುಮಾಡಿದ ಬಿಂದುವಿಗೆ ಕೂರುವುದಿಲ್ಲ, ಏಕೆಂದರೆ ಒಂದು ಕಡೆಯ ತಪ್ಪು ಹದಿನೈದು ಪಟ್ಟಾಗುತ್ತದೆ. ತ್ರಿಭುಜದ ಮೂರು ಶೃಂಗಗಳಿಂದಲೂ ಬೇರೆ ಬೇರೆಯಾಗಿ ಗುರುತು ಹಾಕಿಕೊಂಡು ಹೋದರೆ ತಪ್ಪು ಕಡಿಮೆ.

257 ಬಾಹುಗಳ ರಚನೆಯನ್ನು 1832ರಲ್ಲಿ ರಿಷೆಲೊ ಪ್ರಕಟಿಸಿದ. 65537ಕ್ಕೆ ಹರ್ಮೆಸ್ ಹತ್ತು ವರ್ಷ ದುಡಿದು 1894ರಲ್ಲಿ ಮುಗಿಸಿದ, ಆ ಹಸ್ತಪ್ರತಿ ಗಟಿಂಗೆನ್‌ನಲ್ಲಿದೆ. 4294967295 ಬಾಹುಗಳದ್ದನ್ನು ಕಾಗದದ ಮೇಲೆ ಬರೆಯುವ ಮಾತೇ ಇಲ್ಲ. ಭೂಮಧ್ಯ ರೇಖೆಯನ್ನೇ ವೃತ್ತ ಅಂತ ಇಟ್ಟುಕೊಂಡರೂ ಒಂದು ಬಾಹು ಸುಮಾರು 9.3 ಮಿಲಿಮೀಟರ್.

ಶೇಷಸೊನ್ನೆ

ಮೂವರಿಗೂ ಧನ್ಯವಾದ. ಲೂಪ್ ಬದಲಿಸಿದೆ, ಮೊತ್ತ 64 ಬಿಟ್‌ಗೆ ಹಾಕಿದೆ, 7304603328 ಬಂತು. ಒಂದೇ ಒಂದು ಉಳಿದಿದೆ. 2 ಆಧಾರದ ಫರ್ಮಾ ಪರೀಕ್ಷೆ (ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವುದು; ಬೆಸ ಅವಿಭಾಜ್ಯವಾದರೆ 1) ಹಾಕಿದರೆ 4294967295ಕ್ಕೆ 1073741824 ಬಂದು "ಅವಿಭಾಜ್ಯ ಅಲ್ಲ" ಅನ್ನುತ್ತದೆ, ಸರಿ. ಆದರೆ ಎನ್ + 2, ಅಂದರೆ 4294967297ಕ್ಕೆ 1 ಬರುತ್ತದೆ. ಅದು ಆರನೇ ಫರ್ಮಾ ಅವಿಭಾಜ್ಯವೇ? ಹಾಗಿದ್ದರೆ ಕೈವಾರ ಅವರು ಹೇಳಿದ 31 ತಪ್ಪಾಗುವುದಿಲ್ಲವೇ?

ಮಗ್ಗಿಪುಸ್ತಕ

ಅಲ್ಲ. 4294967297 = 641 × 6700417. ಅವಿಭಾಜ್ಯವೆಂದು ಫರ್ಮಾ ನಂಬಿದ್ದ ಸಂಖ್ಯೆ ಇದು. 1732ರಲ್ಲಿ ಆಯ್ಲರ್ ಒಡೆದ.

ನಿಮ್ಮ ಪರೀಕ್ಷೆ ಏಕೆ ಮೋಸ ಹೋಯಿತು: ಫರ್ಮಾ ಸಂಖ್ಯೆಗೆ 2 ಆಧಾರ ಯಾವತ್ತೂ ಕೆಲಸಕ್ಕೆ ಬಾರದು. ಇಲ್ಲಿ 2³²ರ ಶೇಷ −1, ಹಾಗಾಗಿ 2⁶⁴ರ ಶೇಷ 1. ಪರೀಕ್ಷೆಯ ಘಾತ 2³², ಅದು 64ರ ಗುಣಕ. ಸಂಖ್ಯೆ ಅವಿಭಾಜ್ಯ ಆಗಿರಲಿ ಬಿಡಲಿ, 1 ಬಂದೇ ಬರುತ್ತದೆ. ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆ ಹಾಕಿದರೂ 2 ಆಧಾರದಲ್ಲಿ ಪಾಸ್ ಆಗುತ್ತದೆ. 3 ಆಧಾರ ತೆಗೆದುಕೊಳ್ಳಿ. ಫರ್ಮಾ ಸಂಖ್ಯೆಗೆಂದೇ ಇರುವ ಪೆಪಾಂ ಪರೀಕ್ಷೆ ಅದು: ಎಫ್ ಅಂದರೆ ಆ ಫರ್ಮಾ ಸಂಖ್ಯೆ, 3ನ್ನು (ಎಫ್ − 1)/2 ಘಾತಕ್ಕೆ ಏರಿಸಿ ಎಫ್‌ನಿಂದ ಭಾಗಿಸಿದಾಗ ಶೇಷ −1 ಬಂದರೆ ಮಾತ್ರ ಅವಿಭಾಜ್ಯ.

4294967295ರಲ್ಲಿ ಹಾಗಾಗದಿರಲು ಕಾರಣ: ಅಲ್ಲಿ 2³²ರ ಶೇಷ 1, ಪರೀಕ್ಷೆಯ ಘಾತ 4294967294. ಅದನ್ನು 32ರಿಂದ ಭಾಗಿಸಿದರೆ ಶೇಷ 30. ಅದಕ್ಕೇ 2³⁰ = 1073741824 ಬಂದದ್ದು.

641 ಹುಡುಕುವುದು ಕಷ್ಟವಿಲ್ಲ. ಅಪವರ್ತನಗಳು 128ರ ಗುಣಕಕ್ಕೆ 1 ಸೇರಿದಂಥವು: 129, 257, 385, 513, 641. ಇದರಲ್ಲಿ ಅವಿಭಾಜ್ಯಗಳು 257, 641 ಮಾತ್ರ. ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರುವುದಿಲ್ಲವಾದ್ದರಿಂದ 257 ಬಿಟ್ಟುಬಿಡಿ. ಭಾಗಿಸದೆಯೂ ತೋರಿಸಬಹುದು: 641 = 5 × 2⁷ + 1, ಜೊತೆಗೆ 641 = 5⁴ + 2⁴. ಮೊದಲನೆಯದರಿಂದ 5 × 2⁷ರ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರಿಂದ 5⁴ ಜಾಗದಲ್ಲಿ −2⁴ ಇಡಿ: −2³²ರ ಶೇಷ 1. ಅಂದರೆ 2³² + 1ನ್ನು 641 ಭಾಗಿಸುತ್ತದೆ.

3ಕ್ಕೆ ಸೊನ್ನೆ ಅಂತ ಕ್ರಮಾಂಕ ಕೊಟ್ಟು ಎಣಿಸಿದರೆ, ಕ್ರಮಾಂಕ ಐದರಿಂದ (ಅಂದರೆ 4294967297) 32ರವರೆಗಿನ ಫರ್ಮಾ ಸಂಖ್ಯೆಗಳೆಲ್ಲ ಸಂಯುಕ್ತ ಅಂತ ಸಾಬೀತಾಗಿದೆ, ಹಾಗಾಗಿ 31 ಹಾಗೇ ನಿಂತಿದೆ.

ಬಿಟ್‌ಬುತ್ತಿ

ಮುಂದಿನ ಹೆಜ್ಜೆಗೆ ಹೋಗುವವರಿಗೆ: ಈ ಎರಡನ್ನೂ ಗುಣಿಸಿದರೆ 4294967295 × 4294967297 = 2⁶⁴ − 1 = 18446744073709551615. ಚದುರಂಗದ ಮನೆಗಳಲ್ಲಿ ಕಾಳು ದುಪ್ಪಟ್ಟು ಮಾಡುತ್ತಾ ಹೋಗುವ ಲೆಕ್ಕದ ಒಟ್ಟು ಕಾಳು ಅದು, ಮೊದಲ ಅರ್ಧ ಮಣೆಯ ಕಾಳು ನಿಮ್ಮ 4294967295. ಒಂದು ಅಕ್ಕಿ ಕಾಳಿಗೆ 20 ಮಿಲಿಗ್ರಾಂ ಹಿಡಿದರೆ ಆ ಅರ್ಧವೇ ಸುಮಾರು 86 ಟನ್. ಅವಿಭಾಜ್ಯ ಅಪವರ್ತನಗಳು ಏಳು: 3, 5, 17, 257, 641, 65537, 6700417. ಭಾಜಕಗಳು 128. ಇದೂ ನ್ಯೂನ, ಅನುಪಾತ ಸುಮಾರು 1.703. ಆದ್ದರಿಂದ ಈಗ 64 ಬಿಟ್‌ನಲ್ಲೂ ಅದೇ ಮಡಚುವಿಕೆ ನಡೆಯುತ್ತದೆ: ಮೊತ್ತ ತಪ್ಪು, ಎನ್ ಕಳೆದ ಮೇಲೆ ಬರುವುದು ಸರಿ. ಅಲ್ಲಿಗೆ ಹೋಗುವುದಾದರೆ 128 ಬಿಟ್ ಬಳಸಿ ಅಥವಾ ಪೈಥಾನ್‌ಗೆ ಬದಲಿಸಿ. ಡಬಲ್‌ನಲ್ಲಿ ಮಾತ್ರ ಇಡಬೇಡಿ, ಒಳಗೆ ಹೋದ ಕೂಡಲೇ ಅದು 18446744073709551616 ಆಗುತ್ತದೆ.